ದೌಲತಬಿ ಕುಡಿಸಿದ ಹಾಲು

ನಮ್ಮ ಓಣಿಯಲ್ಲಿ ದೌಲತಬಿಯನ್ನು ಈಗ ಹುಚ್ಚಿ ಎನ್ನುತ್ತಾರೆ. ಎದುರಿಗೆ ಅನ್ನುವುದಿಲ್ಲ. ಎದುರಿಗೆ ಸಿಕ್ಕರೆ "ಖಾಲಾ, ಚಾ ಆತೇನ್ರಿ?" ಎಂದು ಕೇಳುತ್ತಾರೆ.

ಆಕೆ ಹುಚ್ಚಿಯಲ್ಲ. ಬ್ಯಾಡಗಿಯ ಗೋದಾಮುಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಉರಿಯುವ ಕೈಯಲ್ಲೇ ರೊಟ್ಟಿ ಬಡಿದು, ಒಬ್ಬನೇ ಮಗನನ್ನು ಐಟಿಐ ಓದಿಸಿದವಳು. ಗಂಡ ಬುಡನಸಾಬ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಮಗ ಶಾಲೆಗೆ ಸೇರುವ ಮೊದಲೇ ತೀರಿಕೊಂಡ. ಪಿಂಜಾರರ ಮನೆ, ಮನೆಯೊಳಗೂ ಕನ್ನಡವೇ ಮಾತು. ಉರ್ದು ಮಾತಾಡುವ ಮನೆಯವರು, ನನ್ನ ಅತ್ತೆಯೂ ಸೇರಿದಂತೆ, ಅವಳಲ್ಲಿ ಚಹಾ ಕುಡಿಯುತ್ತಾರೆ, ಸಂಬಂಧ ಬೆಳೆಸುವುದಿಲ್ಲ. ನಮ್ಮ ಜನರಲ್ಲಿ ಮೇಲುಕೀಳು ಇಲ್ಲವೇ ಇಲ್ಲ ಎಂದು ಹುಬ್ಬಳ್ಳಿಯ ಕಾಲೇಜಿನಲ್ಲಿ ಗಂಟಲು ಹರಿಯುವಂತೆ ವಾದ ಮಾಡಿದ್ದ ನನಗೆ, ಮದುವೆಯಾಗಿ ಈ ಓಣಿಗೆ ಬಂದ ಮೇಲೆ ಇದು ತಿಳಿಯಿತು.

ಆಕೆಯ ಮಗ ನಾಸೀರನಿಗೆ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಕೆಲಸ ಕಾಯಂ ಆದ ವರ್ಷ ಎಲ್ಲವೂ ತಿರುಗಿತು. ಒಂದು ಭಾನುವಾರ ಆತ ಪೇಢೆ ಹಿಡಿದುಕೊಂಡು ಬಂದ. ರಾಣೆಬೆನ್ನೂರಿನ ಜುಬೇದಾ ತನ್ನ ಮಗಳು ಮೆಹನಾಜಳನ್ನು ಅವನಿಗೆ ಕೊಡಲು ಒಪ್ಪಿದ್ದಾಳಂತೆ. ಹುಡುಗಿ ಹರಿಹರಕ್ಕೆ ಕಂಪ್ಯೂಟರ್ ಕಲಿಯಲು ಹೋಗುವಾಗ ಇವನು ಹತ್ತುವ ಬಸ್ಸಿನಲ್ಲೇ ಪರಿಚಯವಂತೆ. ಜುಬೇದಾಳ ಮನೆಯವರು ಒಂದು ಕಾಲಕ್ಕೆ ನಮ್ಮ ಓಣಿಯವರೇ. ಮಗಳು ಕೂಸಿದ್ದಾಗಲೇ ರಾಣೆಬೆನ್ನೂರು ಸೇರಿದವರು. ಇಡೀ ಓಣಿ ಪೇಢೆ ತಿಂದಿತು. ದೌಲತಬಿ ಮಾತ್ರ ತನ್ನ ಪೇಢೆಯನ್ನು ಕೈಯಲ್ಲೇ ಹಿಡಿದು ಕೂತಿದ್ದಳು.

ಮರುದಿನ ಆಕೆ ನಮ್ಮ ಮನೆಗೆ ಬಂದಳು. ನನ್ನ ಬಳಿಗೇ ಬರಲು ಕಾರಣವಿತ್ತು. ನನ್ನ ಮಗ ದಿನ ತುಂಬುವ ಮೊದಲೇ ಹುಟ್ಟಿದವನು. ಹುಬ್ಬಳ್ಳಿಯ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ನರ್ಸ್ ಅವನಿಗೆ ಬೇರೆ ಯಾರೋ ತಾಯಂದಿರ ಹಾಲನ್ನು ಚಮಚದಲ್ಲಿ ಕುಡಿಸಿದ್ದಳು. ಮಗು ಉಳಿಯಿತು. ಆದರೆ ಒಬ್ಬಳ ಹಾಲು ಕುಡಿದ ಮಕ್ಕಳು ನಮ್ಮಲ್ಲಿ ಅಣ್ಣತಂಗಿಯರು, ಅವರ ನಡುವೆ ನಿಕಾಹ ಕೂಡದು. ಆ ಹಾಲು ಯಾರದ್ದು, ನಾಳೆ ಯಾವ ಊರಿನ ಯಾವ ಹುಡುಗಿ ಇವನಿಗೆ ಹಾಲಿನ ತಂಗಿಯಾಗಿ ನಿಲ್ಲುತ್ತಾಳೆ, ಗೊತ್ತಿಲ್ಲದೆ ಅವಳನ್ನೇ ತಂದರೆ ಗತಿಯೇನು ಎಂಬ ಚಿಂತೆ ನನಗೆ ಹತ್ತಿಕೊಂಡಿತು. ಫೋನಿನಲ್ಲಿ ಹುಡುಕಿದರೆ ಧರ್ಮಶಾಸ್ತ್ರ ಬಲ್ಲ ಒಬ್ಬ ಆಲಿಮರು ಪರವಾಗಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಹೆದರಿಸುತ್ತಾರೆ. ಇದನ್ನೆಲ್ಲ ದೌಲತಬಿಯ ಮುಂದೆ ಅತ್ತುಕೊಂಡಿದ್ದೆ. ಹಾಗಾಗಿ ಆಕೆ ನೇರವಾಗಿ ಕೇಳಿದಳು:

"ಬೇನಜೀರ, ನಿನ್ನ ಫೋನಿನ್ಯಾಗ ನೋಡವಾ. ಹಾಲು ಕುಡಿಸಿದ್ದು ಎಷ್ಟ ವರ್ಷಕ್ಕ ತೀರತೈತಿ?"

"ತೀರೂದಿಲ್ಲ ಖಾಲಾ. ಕುಡಿದ ಕೂಸು ಸಾಯೂತನಕ ಕುಡಿಸಿದಾಕಿ ಮಗುನ."

"ನಂಗೂ ಹಂಗ ಅನಿಸಿತ್ತು" ಎಂದಳು. ಆಮೇಲೆ ಹೇಳಿದಳು.

ಮೆಹನಾಜ ಹುಟ್ಟಿದ ಕೂಡಲೇ ಜುಬೇದಾಳಿಗೆ ನಂಜಾಗಿ ದಾವಣಗೆರೆಗೆ ಒಯ್ದಿದ್ದರು. ಕೂಸು ಅಜ್ಜಿಯ ಕೈಯಲ್ಲಿ. ಡಬ್ಬಿ ಹಾಲು ಒಗ್ಗಲಿಲ್ಲ, ಆಡಿನ ಹಾಲೂ ಒಗ್ಗಲಿಲ್ಲ. ಭೇದಿಯಾಗಿ ಕೂಸಿನ ಅಳುವೇ ನಿಂತಿತು. ಆಗ ನಾಸೀರ ಇನ್ನೂ ಮೊಲೆ ಕುಡಿಯುತ್ತಿದ್ದ. ಅಜ್ಜಿ ಹಿತ್ತಲ ಬಾಗಿಲಿನಿಂದ ದೌಲತಬಿಯನ್ನು ಕರೆದು, ಕೂಸನ್ನು ಮಡಿಲಿಗೆ ಹಾಕಿ, ಬಾಗಿಲು ಮುಚ್ಚಿದಳು. ಜುಬೇದಾ ಗುಣವಾಗಿ ಬರುವವರೆಗೂ ಹೀಗೆಯೇ ನಡೆಯಿತು. ಕೊನೆಗೆ ಅಜ್ಜಿ ಆಕೆಯಿಂದ ಆಣೆ ಹಾಕಿಸಿಕೊಂಡಳು: ತಮ್ಮ ಕೂಸು ಪಿಂಜಾರರ ಹಾಲು ಕುಡಿದದ್ದು ಯಾರಿಗೂ ತಿಳಿಯಬಾರದು. ಹಾಲು ಬೇಕಾಗಿತ್ತು, ಹಾಲಿನ ಹೆಸರು ಬೇಡವಾಗಿತ್ತು. ಗಂಡನಿಗೆ ಗೊತ್ತಿತ್ತು; ಬೇರೆ ಯಾರಿಗೂ ಹೇಳದೆ ದೌಲತಬಿ ಆಣೆ ಉಳಿಸಿಕೊಂಡಳು.

ಮುಂದಿನ ವಾರ ನಾಸೀರ ಬಂದಾಗ ಆಕೆ ಅವನಿಗೆ ಹೇಳಿದಳು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಮಗುವನ್ನು ಮಲಗಿಸುತ್ತಿದ್ದ ನನಗೆ ಎಲ್ಲವೂ ಕೇಳಿಸಿತು.

"ಯಾರರ ನೋಡ್ಯಾರೇನಬೇ?"

"ನಾನ ಅದೇನಲ್ಲಪಾ, ಕುಡಿಸಿದಾಕಿ."

"ನೀ ಸುಮ್ನಿದ್ರ ಆತು! ನಿಂದೇನ ಹೋಗತೈತಿ?"

"ನಂದೇನ ಹೋಗೂದಿಲ್ಲಪಾ. ನಿಂದು ಹೋಗತೈತಿ."

"ಇಷ್ಟ ವರ್ಷ ಬಾಯಿ ಮುಚ್ಕೊಂಡಿದ್ದಿ. ಈಗ್ಯಾಕ ತೆರದಿ?"

"ಆವಾಗ ಅವರ ಮಾನ ಕಾಯೂದಿತ್ತು. ಈಗ ನಿನ್ನ ನಿಕಾಹ ಐತಿ. ತಂಗಿನ್ನ ಹೆಂಗ ತಂದುಕೊಡ್ಲಿ ನಿನಗ?"

ಆ ದಿನ ಎದ್ದು ಹೋದವನು ಮತ್ತೊಂದು ವಾರಕ್ಕೆ ಬಂದ. ಗೋಡೆಯಾಚೆ ಈ ಸಲ ನಾಸೀರನ ದನಿ ಮೆತ್ತಗಿತ್ತು. ಅದು ನನಗೆ ಅವನ ಸಿಟ್ಟಿಗಿಂತ ಹೆಚ್ಚು ಭಯ ಹುಟ್ಟಿಸಿತು.

"ಆಕಿಗೆ ಆಗಲೇ ಹೇಳಿಬಿಟ್ಟೇನಿ ಅವ್ವಾ, ಆಕಿ ಅವ್ವಗ ಹೇಳ್ಯಾಳ. ಮೌಲಾನಾರ ಮುಂದ ಕರೀತಾರ ನಿನ್ನ. ಮರ್ತೇನಿ ಅಂತ ಒಂದ ಮಾತ ಅನ್ನು. ಅಷ್ಟ ಸಾಕು. ವಯಸ್ಸಾಗೇತಿ, ಮರೀತಾರ ಮಂದಿ. ಸುಳ್ಳೇನಲ್ಲ ಅದು."



ಜುಮ್ಮಾ ನಮಾಜು ಮುಗಿದ ಮೇಲೆ ಮೌಲಾನಾರ ಮನೆಯಲ್ಲಿ ಕೂಡಿದರು. ಗಂಡಸರು ಹೊರಗಿನ ಕೋಣೆಯಲ್ಲಿ, ಪರದೆಯ ಈಚೆ ನಾವು. ಜೊತೆಗೆ ಬಾ ಎಂದು ದೌಲತಬಿ ನನ್ನನ್ನು ಕರೆದಿದ್ದಳು. ಮಗುವಿಗೆ ಮೈ ಬೆಚ್ಚಗಿತ್ತು; ಅತ್ತೆ ಬಯ್ಯುತ್ತಲೇ ಇದ್ದರು; ಆದರೂ ಎತ್ತಿಕೊಂಡು ಹೋದೆ. ಜುಬೇದಾ ಬಂದವಳೇ ಶುರು ಮಾಡಿದಳು:

"ನಮ್ಮ ಅತ್ತಿ ಹಜ್ ಮಾಡಿ ಬಂದಾಕಿ. ಕಂಡಕಂಡವರ ಎದಿಗೆ ನನ್ನ ಮಗಳನ್ನ ಹಚ್ಚತಿದ್ಲೇನು?"

ದೌಲತಬಿ ತಲೆ ಎತ್ತಿದಳು. "ಪಿಂಜಾರನ ಮಗ ಅಳಿಯಾ ಆದ್ರ ನಡೀತೈತಿ, ಪಿಂಜಾರತಿ ಹಾಲಂದ್ರ ಹೇಸಿಗಿ ಆತೇನ್ ಜುಬೇದಾ?"

"ಅವನ ನೌಕರಿ ನೋಡಿ ಒಪ್ಪೇವಿ. ನಿನ್ನ ನೋಡಿ ಅಲ್ಲ."

ಹಾಲು ಕುಡಿದಿದ್ದರೆ ನಿಕಾಹ ಹರಾಮು ಎಂಬುದು ಅವಳ ಚಿಂತೆಯೇ ಆಗಿರಲಿಲ್ಲ. ಯಾರ ಹಾಲು ಎಂಬುದೇ ಚಿಂತೆ.

ಮೌಲಾನಾ ನನ್ನ ವಯಸ್ಸಿನವರು, ಮೆತ್ತಗಿನ ಮನುಷ್ಯ. ಪರದೆಯ ಆಚೆಯಿಂದ ಕೇಳಿದರು: "ಖಾಲಾ, ನೆನಪು ಗಟ್ಟಿ ಐತೇನ್ರಿ? ಮರ್ತಿರಬಹುದು, ಬ್ಯಾರೆ ಯಾವ್ದರ ಕೂಸು ಇದ್ದೀತು."

ನಾಸೀರ ಕೆಮ್ಮಿದ್ದು ಕೇಳಿಸಿತು. 'ಮರ್ತೇನಿ' ಎಂಬ ಆ ಒಂದು ಮಾತಿನಲ್ಲಿ ಆಕೆಗೆ ಮಗ, ಸೊಸೆ, ಫ್ಯಾಕ್ಟರಿಯ ಮನೆ, ಮುಪ್ಪಿನ ಊಟ ಎಲ್ಲವೂ ಇತ್ತು.

"ಮರ್ತಿಲ್ರಿ" ಎಂದಳು ದೌಲತಬಿ. "ಒಮ್ಮೆ ಅಲ್ಲ, ದಿನಾ ಕುಡಿಸೇನಿ."

"ನೋಡಿದವರು ಬ್ಯಾರೆ ಯಾರರ ಅದಾರೇನು?"

"ಅದಾರ್ರಿ. ಅಜ್ಜಿ ರಾಣೆಬೆನ್ನೂರ ಕಬರಸ್ತಾನದಾಗ, ನನ್ನ ಗಂಡ ಇಲ್ಲೀ ಕಬರಸ್ತಾನದಾಗ. ಕರೀರಿ."

ಯಾರೋ ನಕ್ಕರು. ಮೌಲಾನಾ ನಗಲಿಲ್ಲ. ಒಬ್ಬಳೇ ಹೆಂಗಸಿನ ಸಾಕ್ಷಿಯಿಂದ ಹಾಲಿನ ಸಂಬಂಧ ಸಾಬೀತಾಗುವುದಿಲ್ಲ, ನಿಕಾಹವನ್ನು ತಡೆಯಲು ತನ್ನಿಂದ ಆಗದು ಎಂದರು. ಆದರೆ ಮನಸ್ಸಿನಲ್ಲಿ ಇಷ್ಟು ಸಂಶಯ ಹೊಕ್ಕ ಮೇಲೆ ಬಿಟ್ಟುಬಿಡುವುದೇ ಮೇಲು ಎಂದೂ ಹೇಳಿದರು. ಈ ಎರಡನೆಯ ಮಾತು ಮುಗಿಯುವಷ್ಟರಲ್ಲಿ ಗಂಡಸರು ಚಪ್ಪಲಿ ಹುಡುಕುತ್ತಿದ್ದರು. ನನಗೆ ಏನಾದರೂ ಹೇಳಬೇಕೆನಿಸಿತು. ಏನು ಹೇಳಲಿ? ನಾನು ಕಂಡದ್ದೇನೂ ಇರಲಿಲ್ಲ. ಮಗು ಅಳತೊಡಗಿತು, ಹೊರಗೆ ಬಂದೆ.

ನಿಕಾಹ ರಾಣೆಬೆನ್ನೂರಿನಲ್ಲಾಯಿತು. ನಮ್ಮ ಓಣಿಯ ಹೆಂಗಸರು ಟೆಂಪೋ ಮಾಡಿಕೊಂಡು ಹೋದರು. ಹುಡುಗನ ತಾಯಿ ಆ ದಿನ ಗೋದಾಮಿನಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತಿದ್ದಳು. ಅತ್ತೆ ಬಿರಿಯಾನಿಯ ಡಬ್ಬಿಯೊಂದಿಗೆ ವಾಪಸಾಗಿ, "ಸೊಸಿ ಬಂದ್ರ ಮಗ ಕೈ ಬಿಡತಾನಂತ ನಾಟಕ ಹೂಡಿದ್ಲು, ತಾನ ಕೈ ಬಿಡಿಸಿಕೊಂಡ್ಲು" ಎಂದರು. ಪಕ್ಕದ ಮನೆಯ ಸೈದಾಬಿ, "ನಿಮ್ಮ ಮೊಮ್ಮಗನ್ನ ಆಕಿ ಕೈಯಾಗ ಕೊಡಬ್ಯಾಡ್ರಿ, ನಾಳೆ ಅವಂಗೂ ಒಂದ್ ತಂಗಿ ಹುಡುಕ್ಯಾಳು" ಎಂದು ನಗಿಸಿದಳು. ಇವರ ಪೈಕಿ ಯಾರಿಗೂ ದೌಲತಬಿ ಸುಳ್ಳು ಹೇಳಿದಳು ಎನಿಸಿರಲಿಲ್ಲ. ಅದು ನನಗೆ ಗೊತ್ತು. ನಂಬಿದ್ದರು, ನಂಬಿಯೇ ಉಂಡು ಬಂದರು.

ಬಕ್ರೀದ್ ಆದ ಮೇಲೆ ನಾಸೀರ ಹೆಂಡತಿಯನ್ನು ಕರೆದುಕೊಂಡು ಬಂದ. ದೌಲತಬಿ ಚಹಾಕ್ಕೆ ಒಳ್ಳೆಯ ಕಪ್ಪು-ಬಸಿ ಕೇಳಲು ನಮ್ಮ ಮನೆಗೆ ಬಂದಳು. ಕೊಟ್ಟು ನಾನೂ ಅವಳ ಹಿಂದೆಯೇ ಹೋದೆ. ಮೆಹನಾಜ ಹೊರಸಿನ ತುದಿಯಲ್ಲಿ ಕೂತಿದ್ದಳು. ಚಹಾ ಕುಡಿಯಲಿಲ್ಲ. ಗಂಡನ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಕೇಳಿದಳು:

"ಆವಾಗ ನಾ ಭಾಳ ಅಳತಿದ್ನೇನ್ರಿ?"

"ಮೊದಲ ಅಳಾಕೂ ತ್ರಾಣ ಇರಲಿಲ್ಲವಾ. ಆಮ್ಯಾಲೆ ಅಳಾಕತ್ತಿದಿ."

"ಕುಡದ ಮ್ಯಾಲೆ?"

"ನನ್ನ ಸೆರಗ ಹಿಡಕೊಂಡ ಮಕ್ಕೊಂತಿದ್ದಿ."

"ಸಾಕ್ ಮಾಡ್ರಿ!" ಎಂದು ನಾಸೀರ ಕೂಗಿದ. ನನ್ನ ಮಗು ಬೆಚ್ಚಿಬಿತ್ತು. ದನಿ ಇಳಿಸಿ ಆತ, "ಆಗಿದ್ದಾತು ಅವ್ವಾ. ಮನಿಗೆ ಬಂದೇವಿ. ಒಂದ್ ದುವಾ ಮಾಡು, ಹೋಗ್ತೇವಿ" ಎಂದ.

"ಮಾಡ್ತೇನಿ. ಐದ್ ಹೊತ್ತೂ ಮಾಡ್ತೇನಿ" ಎಂದಳು ದೌಲತಬಿ. "ನಿನಗ ಬ್ಯಾರೆ, ಆಕಿಗೆ ಬ್ಯಾರೆ. ಇಬ್ಬರಿಗೂ ಕೂಡಿಸಿ ಮಾಡಾಕ ನನ್ನ ಬಾಯಿ ಏಳೂದಿಲ್ಲ."

ನಾಸೀರ ಎದ್ದು ಹೊರಗೆ ಹೋಗಿ ಬೈಕು ಶುರು ಮಾಡಿದ. ಮೆಹನಾಜ ಹೊಸ್ತಿಲ ತನಕ ಬಂದು, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಹಾಕಿಕೊಳ್ಳದೆ ನಿಂತಳು.

"ಲಗೂ ಬಾ" ಎಂದ ಅವನು.

ಹೋದಳು.