ಮೂರು ಗೆರೆಯ ಪೈಪು

ಪೈಪು ಒಡೆದು ವಾಪಸು ಬಂದ ದಿನ ನನಗೆ ಸಿಟ್ಟು ಬಂದದ್ದು ಪೈಪಿನ ಮೇಲಲ್ಲ, ಅದನ್ನು ತಂದವರ ಮೇಲೆ. ನಿಲ್ಕುಂದದ ಕಡೆಯ ಹಿರಿಯರೊಬ್ಬರು ಬಸ್ಸಿನ ಟಾಪಿಗೆ ಒಂದು ಸುರುಳಿ ಕಪ್ಪು ಪೈಪು ಹಾಕಿಕೊಂಡು ಶಿರಸಿಗೆ ಬಂದು, ನಮ್ಮ ಶೆಡ್ಡಿನ ಬಾಗಿಲಲ್ಲಿ ದೊಪ್ಪೆಂದು ಕೆಡವಿದರು.

"ತಮಾ, ಇದು ಪೈಪೋ, ಬಾಳೆಹಣ್ಣಿನ ಸಿಪ್ಪೆಯೋ?"

ತುದಿ ನೋಡಿದೆ. ಸುಲಿದ ಬಾಳೆಹಣ್ಣಿನ ಹಾಗೆಯೇ ಮೂರು ಪಟ್ಟಿಯಾಗಿ ಸೀಳಿಕೊಂಡಿತ್ತು.

ತೊಂಬತ್ತರ ದಶಕದ ಮಾತು. ನನ್ನ ಸೋದರತ್ತೆಯ ಮಗ, ಅಂದರೆ ಭಾವ (ಅವನಿಗೆ ನಾನೂ ಭಾವನೇ), ಹಳೆಯದೊಂದು ಪೈಪು ಮಾಡುವ ಮಶಿನು ತಂದು ಶಿರಸಿಯಲ್ಲಿ ಶೆಡ್ಡು ಹಾಕಿದ್ದ. ಮಶಿನಿಗೆ ಹೊಟ್ಟೆ ಇತ್ತು, ಬಾಯಿ ಸವೆದು ಹೋಗಿತ್ತು. ಆ ಬಾಯಿಗೆ ಡೈ ಅನ್ನುತ್ತಾರೆ. ಡಿಪ್ಲೊಮಾ ಮುಗಿಸಿ ಕುಳಿತಿದ್ದ ನನ್ನನ್ನು ಕರೆದು, "ನೀನೇ ಒಂದು ಬಾಯಿ ಮಾಡಿಕೊಡು ಭಾವಾ" ಅಂದ. ನಾನು ಹೂಂ ಅಂದೆ. ಆ ಹೂಂ ಅನ್ನು ಎಷ್ಟು ವರ್ಷ ಅನುಭವಿಸಿದೆನೋ ಲೆಕ್ಕವಿಟ್ಟಿಲ್ಲ.

ಕೆಲಸ ಚಕ್ಕುಲಿ ಒತ್ತಿದ ಹಾಗೆಯೇ. ಕರಗಿದ ಪ್ಲಾಸ್ಟಿಕ್ಕನ್ನು ಒಳಗಿನ ಸ್ಕ್ರೂ ಮುಂದಕ್ಕೆ ನೂಕುತ್ತದೆ, ಅದು ಡೈಯ ತೂತಿನಿಂದ ಹೊರಬರುತ್ತದೆ. ಆದರೆ ಪೈಪು ಪೊಳ್ಳಾಗಬೇಕಲ್ಲ, ಅದಕ್ಕೆ ತೂತಿನ ನಡುವೆ ಒಂದು ಉಕ್ಕಿನ ತಿರುಳು ಬೇಕು. ಆ ತಿರುಳು ಗಾಳಿಯಲ್ಲಿ ನಿಲ್ಲುವುದಿಲ್ಲ, ಸುತ್ತಲಿನ ಗೋಡೆಯಿಂದ ಮೂರು ಕಾಲು ಕೊಟ್ಟು ಹಿಡಿಸಬೇಕು. ಪ್ಲಾಸ್ಟಿಕ್ಕು ಆ ಕಾಲುಗಳನ್ನು ಬಳಸಿ ಮೂರು ಹೋಳಾಗಿ ಬಂದು, ಮುಂದೆ ಮತ್ತೆ ಒಂದಾಗುತ್ತದೆ. ಕೂಡಿದ ಮೂರು ಗೆರೆಯಲ್ಲೂ ಒಂದಾಯಿತೆಂದು ನಾನು ನಂಬಿದ್ದೆ.

ನಂಬದೆ ಏನು? ಪೈಪಿಗೆ ನೀರು ತುಂಬಿ, ಎರಡೂ ತುದಿಗೆ ಕ್ಲಾಂಪು ಬಿಗಿದು, ಕೈಪಂಪಿನಿಂದ ಒತ್ತಡ ಹಾಕಿ ಇಡೀ ದಿನ ಬಿಟ್ಟಿದ್ದೆ. ಒಂದು ಹನಿ ಜಿನುಗಿರಲಿಲ್ಲ.

"ಮಾವ, ಹ್ಯಾಂಗೆ ಜೋಡ್ಸಿದ್ರಿ ಇದ್ನ?" ಎಂದು ಹಿರಿಯರನ್ನು ಕೇಳಿದೆ.

"ಹ್ಯಾಂಗೆ ಹೇಳಿರೆ ಎಂತ? ನೀರು ಮರಳ್ಸಿ, ತುದಿ ಅದ್ದಿ, ಗೂಟ ಹೊಡೆದು ಹಿಗ್ಸಿ, ಇನ್ನೊಂದ್ರ ತುದಿ ಒಳಗೆ ತುರುಕದು. ನಿನ್ನ ಅಪ್ಪಯ್ಯನೂ ಹಿಂಗೇ ಮಾಡ್ತಿದ್ದ."

"ಜಾಯಿನರ್ ಹಾಕವು ಮಾವ. ಅದಕ್ಕೆ ಹೇಳೇ ಮಾಡಿದ್ದು ಅದು."

"ನಿನ್ನ ಜಾಯಿನರ್ ನೀನೇ ಇಟ್ಗ. ಗುಡ್ಡದ ನೀರು ಕೆಳಗಿಳಿಸಕ್ಕೆ ಎಂಗೆ ಪೈಪು ಬೇಕು."

ಅವರು ಹೋದ ಮೇಲೆ ಭಾವ ಮೆತ್ತಗೆ ಹೇಳಿದ. ಅವನು ಮೆತ್ತಗೆ ಮಾತಾಡಿದರೇ ನನಗೆ ಹೆದರಿಕೆ. "ಶಿವರಾತ್ರಿ ಒಳಗೆ ಸರಿ ಮಾಡಿದ್ರೆ ಅಡ್ಡಿಲ್ಲೆ. ಇಲ್ದಿದ್ರೆ ಗುಜರಾತಿಂದ ತಯಾರಿ ಡೈ ತರ್ಸದು, ನಿಂದ್ನ ಗುಜರಿಗೆ ಹಾಕದು."

ಗುಜರಿ ಅನ್ನುವ ಮಾತು ಎದೆಗೆ ನಾಟಿತು. ಡ್ರಾಯಿಂಗ್ ಹಾಳೆ ಬಿಡಿಸಿಕೊಂಡು ಕುಳಿತೆ.

ಕಾಲುಗಳನ್ನು ತೆಳ್ಳಗೆ ಮಾಡಿದೆ. ಒತ್ತಡಕ್ಕೆ ತಿರುಳು ಒಂದು ಪಕ್ಕಕ್ಕೆ ವಾಲಿತು. ಪೈಪಿನ ಒಂದು ಬದಿ ದಪ್ಪ, ಇನ್ನೊಂದು ಬದಿ ಕಾಗದ. ಕಾಲು ದಪ್ಪ ಮಾಡಿ, ಚೆನ್ನಾಗಿ ಬೆಸೆಯಲೆಂದು ಕಾವು ಏರಿಸಿದೆ. ಪೈಪು ನೀರಿನ ತೊಟ್ಟಿಗೆ ಮುಟ್ಟುವ ಮೊದಲೇ ಬೇಯಿಸಿದ ಶಾವಿಗೆಯ ಹಾಗೆ ಜೋತುಬಿತ್ತು. ಎಲ್ಲ ಸರಿಹೋಗುವ ಲಕ್ಷಣ ಕಂಡ ಗಳಿಗೆಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಹೊಟ್ಟೆಯಲ್ಲಿದ್ದ ಪ್ಲಾಸ್ಟಿಕ್ಕು ಕಲ್ಲಾಗುತ್ತಿತ್ತು. ಕರೆಂಟು ಬಂದ ಮೇಲೆ ಮತ್ತೆ ಕಾಯಿಸಿ, ಡೈ ಬಿಚ್ಚಿ, ಹಿತ್ತಾಳೆಯ ಚೂರಿನಿಂದ ಕೆರೆದು, ಕೈ ಸುಟ್ಟುಕೊಂಡು, ಮತ್ತೆ ಬಿಗಿದು ಶುರು ಮಾಡುವ ಹೊತ್ತಿಗೆ ಇನ್ನೊಮ್ಮೆ ಹೋಗುತ್ತಿತ್ತು.

ಡೈ ಕಡೆಯುತ್ತಿದ್ದ ಟರ್ನರ್ ಹಾವೇರಿ ಕಡೆಯವನು. ನನ್ನ ಡ್ರಾಯಿಂಗನ್ನು ಲೇತಿನ ಮೇಲೆ ಹಾಸಿ, ಅದರ ಮೇಲೆ ಚಾದ ಲೋಟ ಇಡುತ್ತಿದ್ದ. "ನಿಮ್ಮ ಹಾಳ್ಯಾಗ ಎಲ್ಲಾ ಚಂದ ಐತ್ರಿ ಸರ್. ಕಬ್ಬಿಣಕ್ಕ ಓದಾಕ ಬರೂದಿಲ್ಲ, ಅದಽ ತ್ರಾಸು ನೋಡ್ರಿ."

ಮೂರನೆಯ ಡೈಯೂ ಕೈಕೊಟ್ಟ ಮೇಲೆ ನಾನೊಂದು ನಿರ್ಧಾರಕ್ಕೆ ಬಂದೆ: ತಪ್ಪು ಡೈಯದಲ್ಲ, ಜನರದು. ಒಂದು ಚೀಲ ಜಾಯಿನರ್ ಹಿಡಿದು ನಿಲ್ಕುಂದದ ಬಸ್ಸು ಹತ್ತಿದೆ. ಹೋಗಿ ಪಾಠ ಹೇಳಿಬರುವುದೆಂದು.

ಹಿರಿಯರು ವಾದಕ್ಕೆ ನಿಲ್ಲಲಿಲ್ಲ. "ಬಾ" ಎಂದು ಗುಡ್ಡ ಹತ್ತಿಸಿದರು. ಒರತೆಯಿಂದ ಐದು ಮನೆಗೆ ನೀರು ಇಳಿಸುವ ಹಳೆಯ ಪೈಪು ಅಲ್ಲಲ್ಲಿ ಬಟ್ಟೆ ಸುತ್ತಿಸಿಕೊಂಡು ಮಲಗಿತ್ತು. ಬೇಸಿಗೆ ಬಿಗಿಯುವ ಮೊದಲು ಅದನ್ನು ಬದಲಿಸದಿದ್ದರೆ ಐದೂ ಮನೆಯವರು ಕೊಡ ಹೊರಬೇಕಿತ್ತು. ನನ್ನ ಮಾತಿಗೆ ಮರ್ಯಾದೆ ಕೊಟ್ಟು ಒಂದೇ ಒಂದು ಕಡೆ ಅವರು ಜಾಯಿನರ್ ಹಾಕಿದ್ದರು. ಹಾಕಿ ಎಂಟು ದಿನವಾಗಿತ್ತಷ್ಟೆ. ಅದರ ಕೆಳಗೆ ನೀರು ನೂಲಿನಷ್ಟು ಬರುತ್ತಿತ್ತು. ಅವರು ಅದನ್ನು ಕಿತ್ತು, ಒಳಗೆ ಬೆರಳು ತೂರಿಸಿ, ಕೊಳೆತ ಎಲೆಯ ನಾರು ಮತ್ತು ಮರಳಿನ ಒಂದು ಉಂಡೆ ಎಳೆದು ನನ್ನ ಅಂಗೈಯಲ್ಲಿಟ್ಟರು.

ಜಾಯಿನರ್ ಪೈಪಿನ ಒಳಗೆ ಕೂರುತ್ತದೆ. ಅಲ್ಲಿ ದಾರಿ ಕಿರಿದು, ಒಂದು ಅಂಚು ಎದ್ದಿರುತ್ತದೆ. ಪಂಪು ನೂಕುವ ನೀರಾದರೆ ಕಸವನ್ನು ದಾಟಿಸೀತು. ತಾನಾಗಿ ಇಳಿಯುವ ನೀರಿಗೆ ಅಷ್ಟು ಕಸುವಿಲ್ಲ. ಮೇಲಿನ ಪೈಪಿನ ತುದಿಯನ್ನು ಕೆಳಗಿನದರ ಹಿಗ್ಗಿದ ಬಾಯಿಯೊಳಗೆ ತುರುಕಿದರೆ ನೀರಿಗೆ ಎಲ್ಲೂ ಅಡ್ಡವಿಲ್ಲ. ಅಪ್ಪಯ್ಯ ಕೂಡ ಹಾಗೆಯೇ, ಗುಡ್ಡದಲ್ಲಿ ಮೂರು ಕಲ್ಲು ಹೂಡಿ ನೀರು ಮರಳಿಸುತ್ತಿದ್ದದ್ದು ಆಗ ನೆನಪಾಯಿತು. ಕಣ್ಣಾರೆ ಕಂಡು ಬೆಳೆದದ್ದನ್ನು ಡಿಪ್ಲೊಮಾದ ಪುಸ್ತಕದಲ್ಲಿ ಇಲ್ಲವೆಂದು ಮರೆತಿದ್ದೆ. ಪೈಪನ್ನು ಒಂದು ದಿನವೂ ಬಿಸಿನೀರಿಗೆ ಅದ್ದಿ ನೋಡಿರಲಿಲ್ಲ.

"ಜಾಯಿನರ್ ಚೀಲ ವಾಪಸ್ ಹೊತ್ಗಂಡು ಹೋಗ್ತೆ ಅಲ್ದಾ?" ಎಂದು ಕೇಳಿ, ಅವರು ನನಗೆ ಊಟ ಬಡಿಸಿದರು.

ನಾಲ್ಕನೆಯ ಡೈಯಲ್ಲಿ ಕಾಲುಗಳನ್ನು ಬಹಳ ಹಿಂದಕ್ಕೆ ಸರಿಸಿದೆ. ಅಲ್ಲಿಂದ ಹೊರಬಾಯಿಯವರೆಗೆ ಉದ್ದದ, ಕಿರಿದಾಗುತ್ತ ಹೋಗುವ ದಾರಿ. ಮೂರು ಹೋಳೂ ಒತ್ತೊತ್ತಾಗಿ ಬಂದು ನಾದಿದ ಹಿಟ್ಟಿನಂತೆ ಕೂಡಿಕೊಳ್ಳಲಿ ಎಂದು. ಟರ್ನರ್ ಅದನ್ನು ನೋಡಿ, "ಇದು ಡೈ ಏನ್ರಿ ಸರ್, ತೋಫಿನ ನಳಿಗಿ?" ಅಂದ. ಆದರೂ ಅವನ ಕೈಯಿಂದ ಬಂದವುಗಳಲ್ಲಿ ಇದೇ ನುಣುಪಾದದ್ದು.

ಈ ಸಲ ಕೈಪಂಪು ಮುಟ್ಟಲಿಲ್ಲ. ಶೆಡ್ಡಿನ ಹಿಂದೆ ಮೂರು ಕಲ್ಲು ಹೂಡಿ ನೀರು ಮರಳಿಸಿದೆ. ತುದಿ ಅದ್ದಿ, ಗೂಟ ಇಟ್ಟು ಹೊಡೆದೆ. ಹಿಗ್ಗಿತು. ಇನ್ನೂ ಹೊಡೆದೆ. ಗೂಟದ ತಲೆ ಸಿಬಿರೆದ್ದಿತೇ ಹೊರತು ಪೈಪು ಸೀಳಲಿಲ್ಲ.

ಭಾವನನ್ನು ಕರೆದು ತೋರಿಸಿದೆ. ಅವನು ಪೈಪು ನೋಡಲಿಲ್ಲ, ಮಶಿನು ನೋಡಿದ. ಅಷ್ಟು ಉದ್ದದ ದಾರಿಯಲ್ಲಿ ಪ್ಲಾಸ್ಟಿಕ್ಕು ನೂಕಲಾರದೆ ಮೋಟಾರು ನರಳುತ್ತಿತ್ತು. ಪೈಪು ಮೊದಲಿನ ಅರ್ಧದಷ್ಟೂ ಬರುತ್ತಿರಲಿಲ್ಲ.

"ಒಡಿತಿಲ್ಲೆ, ಖರೆ. ಆದ್ರೆ ಒಂದು ಸುರುಳಿ ಹೊರಗೆ ಬಪ್ಪದ್ರೊಳಗೆ ಉಂಡು, ಮಲಗಿ, ಎದ್ದು ಬರ್ಲಕ್ಕು ಭಾವಾ."

ನಿಲ್ಕುಂದದ ಪೈಪು ಶಿವರಾತ್ರಿಗೆ ಮೊದಲೇ ಹೋಯಿತು. ಗುಜರಾತಿನ ಡೈಯೂ ಬಂತು. ಅದರ ಪೈಪನ್ನು ಯಾರಿಗೂ ಹೇಳದೆ ಬಿಸಿನೀರಿಗೆ ಅದ್ದಿ ಗೂಟ ಹೊಡೆದು ನೋಡಿದೆ. ಚೆಂದವಾಗಿ ಮೂರು ಸೀಳಾಯಿತು. ಭಾವನಿಗೆ ತೋರಿಸಿದರೆ, "ಕಿರವತ್ತಿಯವ್ಕೆ, ಯಲ್ಲಾಪುರದವ್ಕೆ ಪಂಪಿಗೆ ಹಾಕ ಪೈಪು ಸಾಕು. ಅವು ಕ್ಲಾಂಪು ಬಿಗಿತ" ಅಂದ. ಅದೂ ಸುಳ್ಳಲ್ಲ. ಪೈಪು ಸರಸರ ಬರುತ್ತಿತ್ತು, ಹೊಳೆಯುತ್ತಿತ್ತು.

ನನ್ನ ಡೈ ಎಣ್ಣೆ ಸವರಿದ ಗೋಣಿಯಲ್ಲಿ ಬೆಂಚಿನ ಕೆಳಗೆ ಸೇರಿತು. ಗುಜರಿಗೆ ಮಾತ್ರ ಹೋಗಲಿಲ್ಲ. ಹೊಸ ಶತಮಾನ ಬಂದ ಮೇಲೂ ಗುಡ್ಡದ ಊರುಗಳಿಂದ ವರ್ಷಕ್ಕೆ ಎರಡು ಸಲವಾದರೂ ಯಾರಾದರೂ ಬಂದು "ಬಿಸಿನೀರಿನ ಪೈಪು ಇದ್ದಾ?" ಎಂದು ಕೇಳುತ್ತಿದ್ದರು. ಭಾವ, "ಜಾಯಿನರ್ ಹಾಕಿರೆ ಆಗ್ತಿಲ್ಯನಾ?" ಎಂದು ಅವರನ್ನೊಮ್ಮೆ ಕೇಳಿ, ನಿಟ್ಟುಸಿರುಬಿಟ್ಟು ನನ್ನ ಕಡೆ ನೋಡುತ್ತಿದ್ದ. ಅಷ್ಟರಲ್ಲಿ ನಾನು ಬೋಲ್ಟು ಬಿಚ್ಚುವ ಪಾನಾ ಹಿಡಿದು ನಿಂತಿರುತ್ತಿದ್ದೆ.

ಡೈ ಬದಲಿಸಲು ಅರ್ಧ ದಿನ. ಎಂಟು ಬೋಲ್ಟು. ಏಳು ಬೇಗ ಬಿಗಿಯಾಗುತ್ತಿದ್ದವು, ಎಂಟನೆಯದಕ್ಕೆ ಪಾನಾ ತಿರುಗಿಸಲು ಜಾಗವೇ ಇರಲಿಲ್ಲ. ಪ್ರತಿ ಸಲವೂ ಗೆಣ್ಣು ತರಚಿಕೊಂಡು ಬಯ್ಯಲು ಬಾಯಿ ತೆರೆಯುತ್ತಿದ್ದೆ. ಆ ಬೋಲ್ಟಿಗೆ ಅಲ್ಲಿ ಗುರುತು ಹಾಕಿದ ಡ್ರಾಯಿಂಗು ನನ್ನದೇ.