ಗಂಟಕ್ಕನ ಜೊತೆ ಗೇಟಿನಾಚೆ ಒಂಬತ್ತು ದಿನ

ಹದಿನಾಲ್ಕು ವರ್ಷ ಒಬ್ಬರ ಜೊತೆ ಒಂದೇ ಯಂತ್ರದಲ್ಲಿ ಕೆಲಸ ಮಾಡಿಯೂ ಅವರ ಕೈ ಒರಟೋ ಮೆತ್ತಗೋ ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಂಬಬೇಕಾದರೆ ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಹೇಗಿರುತ್ತದೆಂದು ನೋಡಿರಬೇಕು. ನಮ್ಮಲ್ಲಿ ನಡುವೆ ಒಂದು ಗೋಡೆ. ಗೋಡೆಯೊಳಗೇ ಕೂರಿಸಿದ ಐದು ಯಂತ್ರಗಳು. ಒಂದೊಂದಕ್ಕೂ ಎರಡು ಬಾಗಿಲು, ಆ ಕಡೆ ಒಂದು, ಈ ಕಡೆ ಒಂದು. ವಾರ್ಡುಗಳಿಂದ ಬಂದ ಹಾಸು ಹೊದಿಕೆಗಳನ್ನು ಆ ಕಡೆಯವರು ತುಂಬುತ್ತಾರೆ, ಒಗೆದದ್ದನ್ನು ಈ ಕಡೆಯವರು ತೆಗೆಯುತ್ತಾರೆ. ಒಂದು ಬಾಗಿಲು ತೆರೆದಿದ್ದರೆ ಇನ್ನೊಂದು ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಅದು ಕೊಳೆ ಕಡೆ, ಇದು ಚೊಕ್ಕ ಕಡೆ. ಊಟದ ಕೋಣೆ ಬೇರೆ, ನೀರಿನ ನಲ್ಲಿ ಬೇರೆ. ಸಂಜೆ ಬಸ್ಸಿಗೆ ಕಾಯುವ ಹತ್ತು ನಿಮಿಷ ಮಾತ್ರ ಎರಡು ಕಡೆಯವರೂ ಒಂದು.

ನಾನು ಚೊಕ್ಕ ಕಡೆ. ಗಂಟಕ್ಕ ಕೊಳೆ ಕಡೆ.

ಅವರಿಗೆ ಆ ಹೆಸರು ಬಂದದ್ದು ಬಟ್ಟೆ ಗಂಟುಗಳಿಂದ. ವಾರ್ಡಿನವರು ಅವಸರದಲ್ಲಿ ಹಾಸಿನ ನಾಲ್ಕು ಮೂಲೆ ಸೇರಿಸಿ ಬಿಗಿದು ಕಳಿಸಿದ ಗಂಟನ್ನು ಉಳಿದವರು ಕತ್ತರಿಸುತ್ತಿದ್ದರು. ಗಂಟಕ್ಕ ಕತ್ತರಿ ಮುಟ್ಟಿದವರಲ್ಲ. ಕೂತು, ಉಗುರಿನಿಂದ ಸಡಿಲಿಸಿ, ಬಿಚ್ಚಿ, ಒಂದೊಂದು ಬಟ್ಟೆಯನ್ನೂ ಕೊಡವಿ ನೋಡಿ ಆಮೇಲೆ ಯಂತ್ರಕ್ಕೆ ಹಾಕುತ್ತಿದ್ದರು. ಹಾಗೆ ನೋಡುವಾಗ ಸಿಗುತ್ತಿದ್ದ ಕನ್ನಡಕ, ಉಂಗುರ, ಹಲ್ಲಿನ ಸೆಟ್ಟು ಎಲ್ಲವನ್ನೂ ತೊಳೆದು, ಕೆಲಸ ಮುಗಿದ ಮೇಲೆ ವಾರ್ಡಿನಿಂದ ವಾರ್ಡಿಗೆ ಅಲೆದು ಅದರದರ ಯಜಮಾನರಿಗೆ ಮುಟ್ಟಿಸುತ್ತಿದ್ದರು. ಒಮ್ಮೆ ಒಬ್ಬ ಅಜ್ಜನ ಹಲ್ಲಿನ ಸೆಟ್ಟನ್ನು ಬೇರೆ ಅಜ್ಜನಿಗೆ ಕೊಟ್ಟು, ಆತ ಅದನ್ನೇ ಹಾಕಿಕೊಂಡು ಎರಡು ದಿನ ಊಟ ಮಾಡಿದ್ದನಂತೆ. ಅದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ನಗದ ದಿನ ಬೈಯುತ್ತಿದ್ದರು. ಎರಡರಲ್ಲೊಂದು ಇಲ್ಲದೆ ಅವರ ಬಾಯಿ ಮುಚ್ಚಿದ್ದನ್ನು ನಾನು ಕಂಡಿಲ್ಲ.

ಯಂತ್ರದ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ನಮ್ಮದೊಂದು ಪದ್ಧತಿ ಇತ್ತು. ಬಟ್ಟೆ ತುಂಬಿ ಬಾಗಿಲು ಹಾಕಿದ ಮೇಲೆ ಗಂಟಕ್ಕ ಯಂತ್ರದ ತಗಡಿಗೆ ಮೂರು ಸಲ ತಟ್ಟುತ್ತಿದ್ದರು. ಎಲ್ಲ ನೋಡಿ ಹಾಕಿದ್ದೇನೆ, ಧೈರ್ಯವಾಗಿ ಕೈ ಹಾಕು ಎಂದು ಅರ್ಥ. ನಾನು ಎರಡು ಸಲ ತಟ್ಟಿ ಉತ್ತರ ಕೊಡುತ್ತಿದ್ದೆ. ತಟ್ಟಿದ ಸದ್ದಿನಲ್ಲೇ ಅವರಿಗೆ ಅಂದು ಸಿಟ್ಟೋ, ಸೊಂಟ ನೋವೋ ಹೇಳಬಲ್ಲವಳಾಗಿದ್ದೆ. ದೇಶಕ್ಕೆಲ್ಲ ಹಬ್ಬಿದ ಆ ಕಾಯಿಲೆಯ ಎರಡನೇ ವರ್ಷದಲ್ಲಿ ಒಂದು ದಿನ ತಟ್ಟು ಬೇರೆ ಥರ ಇತ್ತು, ಮೆತ್ತಗೆ, ತಾಳ ತಪ್ಪಿ. ಸಂಜೆ ಕೇಳಿದರೆ, ಬಲಗೈ ಉಳುಕಿದೆ, ಎಡಗೈಯಲ್ಲಿ ತಟ್ಟಿದೆ ಅಂದರು. ಎಣ್ಣೆ ಹಚ್ಚಿಕೊಳ್ಳಿ ಅಕ್ಕ ಅಂದು ಸುಮ್ಮನಾದೆ.

ಅದಾಗಿ ಮೂರು ತಿಂಗಳಿಗೆ ಆದೇಶ ಬಂತು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಎಲ್ಲರೂ, ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ, ಬರುವ ಹದಿನೈದನೇ ತಾರೀಕಿನೊಳಗೆ ಲಸಿಕೆ ಹಾಕಿಸಿಕೊಂಡ ಕಾರ್ಡು ತೋರಿಸಬೇಕು. ಇಲ್ಲದವರ ಹೆಸರು ಗೇಟಿನ ಗೋಡೆಗೆ ಅಂಟಿಸಿ, ಅವರನ್ನು ಹದಿನಾರರಿಂದ ಒಳಗೆ ಬಿಡುವುದಿಲ್ಲ. ಅಲ್ಲಿಂದ ಹದಿನೈದು ದಿನದಲ್ಲಿ ತರದಿದ್ದರೆ ಹೆಸರು ತೆಗೆಯುತ್ತಾರೆ.

ಸೂಪರ್‌ವೈಸರ್ ಹಿತ್ತಲಿನ ಅಂಗಳದಲ್ಲಿ ಎಲ್ಲರನ್ನೂ ದೂರ ದೂರ ನಿಲ್ಲಿಸಿ ಅದನ್ನು ಓದಿದರು. ಓದಿ ಮುಗಿಸಿದ್ದೇ ತಡ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬಾಯ್ಲರಿನವನು, ನನ್ನ ಮೈ ನನ್ನದು, ಇದಕ್ಕೆ ಚುಚ್ಚು ಅನ್ನೋಕೆ ಇವರು ಯಾರು ಎಂದು ಕೂಗಾಡಿ, ಫೋನಿನಲ್ಲಿ ಬಂದಿದ್ದ ಭಯಂಕರ ಸುದ್ದಿಗಳನ್ನೆಲ್ಲ ಒದರಿದ. ಇಸ್ತ್ರಿಯ ಯಜಮಾನರು, ಕಾಯಿಲೆ ಬಿದ್ದವರ ನಡುವೆ ಅನ್ನ ತಿನ್ನೋರು ನಾವು, ಅವರಿಗೆ ಕಾಯಿಲೆ ಅಂಟಿಸೋ ಹಕ್ಕು ನಿನಗಿಲ್ಲ ಅಂದರು. ಗಂಟಕ್ಕ ಆದೇಶ ಬೇಡ ಅಂದವನಿಗೂ ಬೈದರು, ತಂದವರಿಗೂ ಬೈದರು. ನಿನ್ನ ಫೋನು ಹೇಳೋದೆಲ್ಲ ನಿಜ ಆಗಿದ್ರೆ ನೀನು ಹೋದ ತಿಂಗಳೇ ಮೂರು ಸಲ ಸತ್ತಿರಬೇಕಿತ್ತು ಎಂದು ಬಾಯ್ಲರಿನವನಿಗೆ. ಹೆದರಿದವರ ಹೆಸರು ಬರೆದು ಗೋಡೆಗೆ ಅಂಟಿಸಿದ್ರೆ ಹೆದರಿಕೆ ಹೋಗುತ್ತಾ ಎಂದು ಸೂಪರ್‌ವೈಸರಿಗೆ. ಗಂಟಕ್ಕ ಯಾರ ಪಕ್ಷ ಎಂದು ಯಾರಿಗೂ ಬಗೆಹರಿಯಲಿಲ್ಲ.

ಹೆದರಿದವಳು ನಾನೇ. ಹನ್ನೊಂದು ವರ್ಷದವಳಿದ್ದಾಗ ಜ್ವರಕ್ಕೆಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಅಮ್ಮ ಚಪ್ಪಲಿ ಮೆಟ್ಟುವಷ್ಟರಲ್ಲಿ ನನ್ನ ತುಟಿ ಊದಿತು, ಆಮೇಲೆ ಗಂಟಲು. ಉಸಿರು ಒಳಗೆ ಹೋಗದೆ ನೆಲದ ಮೇಲೆ ಬಿದ್ದು, ಮಂಚದ ಕಾಲನ್ನು ಹಿಡಿದುಕೊಂಡದ್ದು ನನಗೆ ಈಗಲೂ ನೆನಪಿದೆ. ಬದುಕಿದೆ. ಆದರೆ ಅದು ಯಾವ ಔಷಧ ಎಂದು ಬರೆದಿಟ್ಟವರಿಲ್ಲ. ಕ್ಲಿನಿಕ್ಕೂ ಇಲ್ಲ, ಆ ಡಾಕ್ಟರೂ ಇಲ್ಲ. ವಿನಾಯಿತಿಗೆಂದು ಆಫೀಸಿಗೆ ಮೂರು ಸಲ ಹೋದೆ. ಮೂರು ಸಲವೂ ಒಂದೇ ಫಾರಂ ಕೊಟ್ಟರು. ಅದರಲ್ಲಿ ಒಗ್ಗದ ಔಷಧದ ಹೆಸರು ಬರೆಯುವ ಜಾಗವಿತ್ತು, ಅದು ಖಾಲಿ ಇದ್ದರೆ ತೆಗೆದುಕೊಳ್ಳುತ್ತಿರಲಿಲ್ಲ.

ಗಂಡ ದರ್ಜಿ. ಆ ಎರಡು ವರ್ಷ ಯಾರು ಹೊಸ ಬಟ್ಟೆ ಹೊಲಿಸಿದರು? ಮಗಳು ಕಾಲೇಜಿನ ಕೊನೆಯ ವರ್ಷ. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ಹಾಕಿಸಿಕೊಂಡರೆ ಜೀವ ಹೋಗಬಹುದು, ಬಿಟ್ಟರೆ ಕೆಲಸ ಹೋಗುತ್ತದೆ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗೆ ಹದಿನೈದನೇ ತಾರೀಕಿನವರೆಗೂ ಕಳೆದೆ.

ಹದಿನಾರರ ಬೆಳಿಗ್ಗೆ ಗೇಟಿನ ಗೋಡೆಗೆ ಪಟ್ಟಿ ಅಂಟಿಸಿದ್ದರು. ನಾಲ್ಕು ಹೆಸರು. ಬಾಯ್ಲರಿನವನದು ಇರಲಿಲ್ಲ, ಅಷ್ಟು ಕೂಗಾಡಿದವನು ಪಕ್ಕದ ಊರಿಗೆ ಹೋಗಿ ಗುಟ್ಟಾಗಿ ಚುಚ್ಚಿಸಿಕೊಂಡು ಬಂದಿದ್ದ. ಮೂರನೆಯದು ನನ್ನ ಹೆಸರು. ನಾಲ್ಕನೆಯದು ಗಂಟಕ್ಕನದು.

ನಾನು ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ಅಷ್ಟರಲ್ಲಿ ಅವರೇ ಊಟದ ಡಬ್ಬಿ ಹಿಡಿದುಕೊಂಡು ಬಂದರು. ವಾಚ್‌ಮನ್ ಕಾರ್ಡು ಕೇಳಿದ. ಇಲ್ಲ ಅಂದರು. ರಸ್ತೆ ದಾಟಿ ಎದುರಿನ ಬಸ್ ಸ್ಟಾಪಿನ ಕಲ್ಲುಬೆಂಚಿನ ಒಂದು ತುದಿಯಲ್ಲಿ ಕೂತು, ನನ್ನನ್ನು ಇನ್ನೊಂದು ತುದಿಗೆ ಕರೆದರು.

ಮೊದಲ ದಿನ ನಾವು ನಾಲ್ಕು ಜನ ಇದ್ದೆವು. ಗಾಡಿ ತಳ್ಳುವವನು ಮತ್ತು ಇಸ್ತ್ರಿಯ ಒಬ್ಬ ಹೆಂಗಸು ಎರಡನೇ ದಿನ ಮಧ್ಯಾಹ್ನವೇ ಮನೆಗೆ ಹೋದರು. ಅವರು ಮತ್ತೆ ಬರಲಿಲ್ಲ, ಆ ಕೆಲಸಕ್ಕೂ ಬರಲಿಲ್ಲ. ಉಳಿದವರು ನಾವಿಬ್ಬರು. ಗಂಟಕ್ಕ ಬೆಳಿಗ್ಗೆ ಏಳಕ್ಕೆ, ಪಾಳಿಯ ಹೊತ್ತಿಗೇ ಬರುತ್ತಿದ್ದರು. ಪಾಳಿ ಮುಗಿಯುವ ಹೊತ್ತಿಗೆ ಏಳುತ್ತಿದ್ದರು. ನಡುವೆ ಹಳೆಯ ಸೀರೆಯಿಂದ ಕಾಲೊರಸು ಹೆಣೆಯುತ್ತಿದ್ದರು. ಬಸ್ಸಿಗೆ ಬಂದವರನ್ನೆಲ್ಲ ಮಾತನಾಡಿಸುತ್ತಿದ್ದರು. ಲಸಿಕೆ ಹಾಕಿಸಿಕೋ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಆದದ್ದನ್ನು ಮಾತ್ರ ಬಿಡಿಬಿಡಿಯಾಗಿ ಕೇಳಿದರು. ಎಷ್ಟು ಹೊತ್ತಿಗೆ ಊದಿತು? ಮೊದಲು ತುಟಿಯೋ ಕಣ್ಣೋ? ಬದುಕಿದ್ದು ಹೇಗೆ? ಅದೇ ಡಾಕ್ಟರು ಇನ್ನೊಂದು ಇಂಜೆಕ್ಷನ್ ಕೊಟ್ಟರು ಅಂದೆ. ಹೂಂ ಅಂದು ಹೆಣಿಗೆ ಮುಂದುವರಿಸಿದರು.

ಅಷ್ಟು ತಾಳ್ಮೆಗೆ ತಕ್ಕ ಹಾಗೆ ನಾನು ನಡೆದುಕೊಳ್ಳಲಿಲ್ಲ. ಐದನೇ ದಿನ ಮನೆಯಲ್ಲಿ ಗಂಡನ ಜೊತೆ ಮಾತಿಗೆ ಮಾತು ಬೆಳೆದು, ಆ ಸಿಟ್ಟನ್ನು ಇವರ ಮೇಲೆ ತೀರಿಸಿಕೊಂಡೆ. ನನ್ನನ್ನ ಡಾಕ್ಟರ ಹಾಗೆ ವಿಚಾರಿಸಬೇಡಿ, ನೀವೂ ನನ್ನ ಹಾಗೇ ಹೆದರಿ ಕೂತಿದ್ದೀರಿ ಅಂದುಬಿಟ್ಟೆ. ಗಂಟಕ್ಕ ಬೈಯಲಿಲ್ಲ, ನಗಲೂ ಇಲ್ಲ. ಹೌದು ಕಣೆ, ಹೆದರಿಕೆ ಯಾರನ್ನ ಬಿಟ್ಟಿದೆ ಅಂದು ತಮ್ಮ ಡಬ್ಬಿಯಲ್ಲಿದ್ದುದರಲ್ಲಿ ಅರ್ಧ ನನ್ನ ಕಡೆ ತಳ್ಳಿದರು.

ಒಳಗೆ ಅವರಿಲ್ಲದೆ ಅಧ್ವಾನವಾಗಿತ್ತು. ಗಂಟುಗಳನ್ನು ಕತ್ತರಿಸಿ ನೋಡದೆ ತುಂಬಿದ್ದರು. ಆಪರೇಷನ್ ಕೋಣೆಯ ಬಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಕತ್ತರಿ ಯಂತ್ರದೊಳಗೆ ತಿರುಗಿ ಬುಟ್ಟಿ ತುಂಬ ಹಾಸುಗಳನ್ನು ಹರಿದು ಹಾಕಿತು. ಇನ್ನೊಂದು ದಿನ ಸೂಜಿಯೊಂದು ಚೊಕ್ಕ ಕಡೆಯವಳ ಅಂಗೈಗೆ ಚುಚ್ಚಿತು. ಸೂಪರ್‌ವೈಸರ್ ಎರಡು ಸಲ ರಸ್ತೆ ದಾಟಿ ಬಂದು ಗೋಗರೆದು ಹೋದರು. ಒಂಬತ್ತನೇ ದಿನ ದೊಡ್ಡ ಡಾಕ್ಟರೇ ಬಂದರು, ಇಡೀ ಆಸ್ಪತ್ರೆಯ ಮುಖ್ಯಸ್ಥರು. ನಾವು ಎದ್ದು ನಿಂತೆವು. ಅವರು ಕೂರಿ ಅಂದು ತಾವೇ ನಿಂತುಕೊಂಡರು. ಕಣ್ಣಿನ ಸುತ್ತ ಕಪ್ಪಾಗಿತ್ತು. ಅವರನ್ನು ದ್ವೇಷಿಸಬೇಕೆಂದು ಒಂಬತ್ತು ದಿನ ಪ್ರಯತ್ನಪಟ್ಟಿದ್ದ ನನಗೆ ಆ ಕಣ್ಣು ನೋಡಿ ಆಗಲಿಲ್ಲ.

"ನಿಮ್ಮ ಮೇಲೆ ನನಗೆ ಕೋಪ ಇಲ್ಲಮ್ಮ. ಒಳಗೆ ಮಲಗಿರೋರಿಗೆ ತಮ್ಮ ಹಾಸಿಗೆ ಬಟ್ಟೆ ಯಾರು ಮುಟ್ಟಬೇಕು ಅಂತ ಹೇಳೋ ಶಕ್ತಿ ಇಲ್ಲ. ಅವರ ಪರವಾಗಿ ನಾನು ಹೇಳಬೇಕು. ಈ ಆದೇಶ ನಾನು ಹಿಂದಕ್ಕೆ ತಗೊಳ್ಳೋಕಾಗಲ್ಲ" ಅಂದರು.

"ತಗೋಬೇಡಿ ಸಾರ್. ಆದೇಶ ತಪ್ಪು ಅಂತ ನಾನು ಹೇಳ್ತಿಲ್ಲ" ಅಂದರು ಗಂಟಕ್ಕ. "ಇವಳು ಚಿಕ್ಕವಳಿದ್ದಾಗ ಒಂದು ಇಂಜೆಕ್ಷನ್‌ಗೆ ಸಾಯೋ ಹಾಗಾಗಿದ್ದಳು. ನಿಮ್ಮ ಆಫೀಸಿಗೆ ಮೂರು ಸಲ ಬಂದು ಹೇಳಿದಳು. ಮೂರು ಸಲವೂ ಫಾರಂ ಕೊಟ್ರಿ. ಇಷ್ಟು ದೊಡ್ಡ ಆಸ್ಪತ್ರೇಲಿ ಒಬ್ಬ ಡಾಕ್ಟರನ್ನ ಕೊಡಲಿಲ್ಲ."

ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿದರು. ಆಗ ನಾನು ಹೇಳಿದೆ, ಮಂಚದ ಕಾಲು ಹಿಡಿದುಕೊಂಡದ್ದರವರೆಗೂ. ಬಸ್ಸು ಬಂತು, ಹೋಯಿತು. ಅವರು ಪೂರ್ತಿ ಕೇಳಿ, ಇದನ್ನ ನನಗೆ ಯಾರೂ ತಿಳಿಸಲಿಲ್ಲ ಅಂದರು. ಮೊದಲು ನಿಮ್ಮನ್ನು ಪರೀಕ್ಷೆ ಮಾಡಿಸುತ್ತೇನೆ, ಪರೀಕ್ಷೆ ಮಾಡಿದವರು ಆಗಬಹುದು ಅಂದರೆ ಮಾತ್ರ ತುರ್ತು ವಿಭಾಗದ ಹಾಸಿಗೆಯ ಮೇಲೆ ಕೂರಿಸಿ, ಊದಿದರೆ ಕೊಡುವ ಔಷಧ ಪಕ್ಕದಲ್ಲೇ ತುಂಬಿಟ್ಟುಕೊಂಡು ಹಾಕಿಸುತ್ತೇನೆ, ಬೇಡ ಅಂದರೆ ನಾನೇ ವಿನಾಯಿತಿ ಚೀಟಿ ಬರೆದುಕೊಡುತ್ತೇನೆ ಅಂದರು. ಹೋಗುವಾಗ ಗೋಡೆಯ ಪಟ್ಟಿಯನ್ನು ತಮ್ಮ ಕೈಯಿಂದಲೇ ಕಿತ್ತುಕೊಂಡು ಹೋದರು.

ಮಾರನೇ ದಿನ ಪರೀಕ್ಷೆ ಮಾಡಿದ ಡಾಕ್ಟರಮ್ಮ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಆಗ ಗಂಟಕ್ಕ ಬಿಡಿಬಿಡಿಯಾಗಿ ಕೇಳಿದ್ದೆಲ್ಲ ಉಪಯೋಗಕ್ಕೆ ಬಂತು. ಬಾಯಿಪಾಠದ ಹಾಗೆ ಹೇಳಿದೆ. ಡಾಕ್ಟರಮ್ಮ ಹಾಕಿಸಿಕೊಳ್ಳಬಹುದು ಅಂದರು. ಬಲವಂತ ಇಲ್ಲ, ಯೋಚನೆ ಮಾಡಿ ಅಂತಲೂ ಅಂದರು. ಯೋಚನೆ ಮಾಡಿ ಮಾಡಿ ನನಗೆ ಸಾಕಾಗಿತ್ತು. ಹೂಂ ಅಂದೆ.

ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಆಮೇಲಿನ ಅರ್ಧ ಗಂಟೆ ಮಾತ್ರ ಗೊತ್ತಾಯಿತು. ಎದುರಿಗೆ ಗಡಿಯಾರ, ಪಕ್ಕದ ತಟ್ಟೆಯಲ್ಲಿ ತುಂಬಿಟ್ಟ ಇಂಜೆಕ್ಷನ್. ನಾಲಿಗೆಯಿಂದ ನಿಮಿಷಕ್ಕೊಮ್ಮೆ ತುಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಗಂಟಕ್ಕ ಸ್ಟೂಲು ಎಳೆದುಕೊಂಡು ಬಂದು, ನರ್ಸಮ್ಮನನ್ನು ಕೇಳಿ ಕೈ ತೊಳೆದುಕೊಂಡು, ನನ್ನ ಕೈ ಹಿಡಿದುಕೊಂಡರು. ಬಿಸಿನೀರು, ಸೋಡಾ, ಗಂಟುಗಳು ಸೇರಿ ಆ ಬೆರಳುಗಳು ಹಳೆಯ ಹಗ್ಗದಷ್ಟು ಒರಟಾಗಿದ್ದವು. ಹತ್ತನೇ ನಿಮಿಷಕ್ಕೆ ನನ್ನ ಎದೆ ಡವಗುಟ್ಟತೊಡಗಿದಾಗ ಅವರು ನನ್ನ ಅಂಗೈ ಮೇಲೆ ಮೂರು ಸಲ ತಟ್ಟಿದರು. ನಾನು ಎರಡು ಸಲ ತಟ್ಟಿದೆ. ಅರ್ಧ ಗಂಟೆ ಪೂರ್ತಿ ಹಾಗೇ ಕಳೆಯಿತು. ತುಟಿ ಊದಲಿಲ್ಲ. ಸಿಕ್ಕಾಪಟ್ಟೆ ಹಸಿವಾಯಿತು, ಅಷ್ಟೆ.

ನರ್ಸಮ್ಮ ನನ್ನ ಕಾರ್ಡು ಬರೆದು ಕೊಟ್ಟು ಗಂಟಕ್ಕನ ಕಡೆ ತಿರುಗಿದರು. ತೋಳು ತೋರಿಸಿ ಅಕ್ಕ, ನಿಮ್ಮದೂ ಮುಗಿಸಿಬಿಡ್ತೀನಿ ಅಂದರು. ಗಂಟಕ್ಕ ಸೆರಗು ಸರಿಮಾಡಿಕೊಂಡು, ಕೈಚೀಲದಿಂದ ನಾಲ್ಕು ಮಡಿಕೆಯ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಎರಡು ತಾರೀಕು ಇದ್ದವು. ಎರಡೂ ಆದೇಶಕ್ಕಿಂತ ಹಿಂದಿನವು. ಮೊದಲನೆಯದರ ಮಾರನೇ ದಿನವೇ ಅವರು ಎಡಗೈಯಲ್ಲಿ ತಟ್ಟಿದ್ದು.

ನನಗೆ ಮೊದಲು ಬಂದದ್ದು ಸಿಟ್ಟು. ಗೇಟಿನವರೆಗೂ ಅವರಿಗಿಂತ ಮುಂದೆ ಮುಂದೆ ನಡೆದೆ. ಆಮೇಲೆ ತಡೆಯಲಾಗದೆ ಕೇಳಿದೆ. "ಕಾರ್ಡು ಇಟ್ಕೊಂಡು ಒಂಬತ್ತು ದಿನ ಬಿಸಿಲಲ್ಲಿ ಯಾಕೆ ಕೂತ್ರಿ ಅಕ್ಕ?"

"ನೀನೊಬ್ಬಳೇ ಕೂತಿದ್ರೆ ಎರಡನೇ ದಿನ ನೀನೂ ಮನೆಗೆ ಹೋಗಿರ್ತಿದ್ದೆ" ಅಂದರು. "ಮನೆಗೆ ಹೋದೋರು ಯಾರಾದ್ರೂ ವಾಪಸ್ ಬಂದ್ರೇನೆ?"

ನಾನು ಅಲ್ಲೇ, ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದಂತೆ, ಅತ್ತೆ. ಅವರು, ಅಳು ಆಮೇಲೆ, ಹಸಿವು ಅಂದೆಯಲ್ಲ ಎಂದು ಡಬ್ಬಿ ಬಿಚ್ಚಿದರು.

ಇನ್ನು ಹದಿನೆಂಟು ದಿನಕ್ಕೆ ಗಂಟಕ್ಕ ನಿವೃತ್ತಿಯಾಗುತ್ತಾರೆ. ಅವರ ಜಾಗಕ್ಕೆ ಯಾರು ಎಂದು ಸೂಪರ್‌ವೈಸರ್ ಕೇಳಿದಾಗ ನಾನು ಕೈಯೆತ್ತಿದೆ. ಚೊಕ್ಕ ಕಡೆಯಿಂದ ಕೊಳೆ ಕಡೆಗೆ ಕೇಳಿಕೊಂಡು ಹೋದವರು ಈ ಆಸ್ಪತ್ರೆಯಲ್ಲಿ ಇದುವರೆಗೆ ಇಲ್ಲವಂತೆ. ತಲೆ ಕೆಟ್ಟಿದೆಯಾ ಎಂದು ಬಾಯ್ಲರಿನವನು ಕೇಳಿದ. ಗಂಟಕ್ಕ ಸೋಮವಾರದಿಂದ ಪಕ್ಕದಲ್ಲಿ ಕೂರಿಸಿಕೊಂಡು, ಕತ್ತರಿ ಇಲ್ಲದೆ ಗಂಟು ಬಿಚ್ಚುವುದನ್ನು ಕಲಿಸುತ್ತಿದ್ದಾರೆ. ನನ್ನ ಉಗುರುಗಳು ಆಗಲೇ ಮುರಿದಿವೆ. ನಿನ್ನೆ ಮೊದಲ ಸಲ ಯಂತ್ರ ನಾನೇ ತುಂಬಿ, ಬಾಗಿಲು ಹಾಕಿ, ತಗಡಿಗೆ ಮೂರು ಸಲ ತಟ್ಟಿದೆ.