ಡಾಬಕಾದ ತೊಗರಿಕಾಳಿನ ಲೆಕ್ಕ

ಬಿಸಿಲು ಏರುವ ಮೊದಲೇ ಮೈಲೂರಿನ ಮನೆ ಬಿಟ್ಟು ಬೀದರ್‌ನಲ್ಲಿ ಔರಾದ್ ಬಸ್ಸು ಹತ್ತಿದೆ. ದೂರ ನಲವತ್ತು ಕಿಲೋಮೀಟರಿನ ಆಸುಪಾಸು. ಕಂಡಕ್ಟರ್ ಆಧಾರ್ ನೋಡಿ ಹೆಂಗಸರ ಸೊನ್ನೆ ಟಿಕೆಟ್ ಕೊಟ್ಟ. ಹಿಂದಿನ ದಿನ ಭಾಲ್ಕಿಯ ಕಾಲೇಜೊಂದರಲ್ಲಿ ಭಾಷಣ ಮಾಡಿ ಚಪ್ಪಾಳೆ ಹೊಡೆಸಿಕೊಂಡ ಜಂಬ ಇನ್ನೂ ಇಳಿದಿರಲಿಲ್ಲ.

ಯಾರು ಓಟು ಹಾಕುತ್ತಾರೆ, ಯಾರು ಹಾಕುವುದಿಲ್ಲ ಎನ್ನುವುದು ನನ್ನ ಪಿಎಚ್‌ಡಿ ವಿಷಯ. ಔರಾದ್ ಹತ್ತಿರದ ಡಾಬಕಾ ಎಂಬ ಊರಿನಲ್ಲಿ ಮನೆಮನೆ ತಿರುಗಿ ಕೇಳಿದ್ದನ್ನು ಕಂಪ್ಯೂಟರಿಗೆ ಹಾಕಿ ಲಾಜಿಸ್ಟಿಕ್ ರಿಗ್ರೆಶನ್ ಎಂಬ ಲೆಕ್ಕ ನಡೆಸಿದಾಗ, ಗಂಡಸರ ಸಾಲಿನಲ್ಲಿ ಆಡ್ಸ್ ರೇಷಿಯೊ ಮೂರು ಎಂದು ಬಂದಿತ್ತು. 'ಡಾಬಕಾದಲ್ಲಿ ಹೆಂಗಸರಿಗಿಂತ ಗಂಡಸರು ಮೂರು ಪಟ್ಟು ಓಟು ಹಾಕುತ್ತಾರೆ' ಎಂದು ಭಾಲ್ಕಿಯಲ್ಲಿ ಮೈಕ್ ಹಿಡಿದು ಸಾರಿದ್ದೆ. ಅದನ್ನು ಊರಿಗೂ ಹೇಳಿ ಬರೋಣವೆಂದು ಈಗ ಹೊರಟಿದ್ದೆ.

ಔರಾದಿನಲ್ಲಿ ಒಂದು ಪ್ಲೇಟ್ ಮಂಡಕ್ಕಿ ಸುಸಲಾ, ಚಹಾ. ಅಲ್ಲಿಂದ ಟಂಟಂ ಆಟೊ ಹಿಡಿದು ಡಾಬಕಾ ಮುಟ್ಟುವಷ್ಟರಲ್ಲಿ ಬಿಸಿಲು ಸುಡುತ್ತಿತ್ತು. ಸರ್ವೆ ಮಾಡುವಾಗ ನನಗೆ ಉಣ್ಣಲಿಟ್ಟು ಮಲಗಲು ಜಾಗ ಕೊಟ್ಟಿದ್ದವರು ರಮಾಬಾಯಿ. ಆಗೆಲ್ಲ ಬಾಗಿಲಿಗೇ ಬಂದು ಕರೆಯುತ್ತಿದ್ದವರು ಇಂದು ಮೊರದಲ್ಲಿ ತೊಗರಿ ಹಸನು ಮಾಡುತ್ತ ಕುಳಿತೇ ಇದ್ದರು.

"ನಾವು ಓಟ ಹಾಕಂಗಿಲ್ಲಂತ ಹೇಳೀರಂತ ಮೇಡಂ, ಖರೇ ಏನ್ರಿ?"

ಭಾಷಣದ ವಿಡಿಯೊ ಪಂಚಾಯತಿ ಮೆಂಬರನ ಮೊಬೈಲಿಗೆ ಬಂದಿತ್ತು. ಮುಂಜಾನೆ ಈ ಓಣಿಯ ಹೆಂಗಸರು ನಳ ಹಾಕಿಸಿಕೊಡಿ ಎಂದು ಕೇಳಲು ಅವನ ಬಳಿ ಹೋಗಿದ್ದರು. "'ನಿಮ್ಮ ಓಟ ಎಷ್ಟವ ಅಂತ ನಿಮ್ಮ ಮೇಡಂನೇ ಹೇಳ್ಯಾಳ, ನಳ ಆಮ್ಯಾಲ ನೋಡೋಣು' ಅಂದ್ನರಿ. ಎಲ್ಲರ ಮುಂದ ನಕ್ಕ," ಎಂದರು ರಮಾಬಾಯಿ.

"ಹಂಗಲ್ರಿ ರಮಾಬಾಯಿ, ತಿಳಿಸಿ ಹೇಳ್ತೇನಿ," ಎಂದು ಮೊರದಿಂದ ಒಂದು ಹಿಡಿ ಕಾಳು ತೆಗೆದುಕೊಂಡೆ. ನನ್ನ ಸರ್ವೆಯಂತೆ ಗಂಡಸರಲ್ಲಿ ಓಟು ಹಾಕಿದವರು ಒಂಬತ್ತಾದರೆ ಹಾಕದವನು ಒಬ್ಬ. ಒಂಬತ್ತು ಕಾಳು ಇತ್ತ, ಒಂದು ಅತ್ತ ಇಟ್ಟೆ. ಹೆಂಗಸರಲ್ಲಿ ಹಾಕಿದವರು ಮೂವರಾದರೆ ಹಾಕದವಳು ಒಬ್ಬಳು. ಅಂದರೆ ಹಾಕಿದವರು ಒಂಬತ್ತಾದರೆ ಹಾಕದವರು ಮೂವರು: ಒಂಬತ್ತು ಇತ್ತ, ಮೂರು ಅತ್ತ. ಇಟ್ಟವಳ ಕೈ ಅಲ್ಲೇ ನಿಂತಿತು.

ಹತ್ತು ಗಂಡಸರಲ್ಲಿ ಒಂಬತ್ತು, ಹನ್ನೆರಡು ಹೆಂಗಸರಲ್ಲಿ ಒಂಬತ್ತು; ಮೂರು ಪಟ್ಟು ಎಲ್ಲಿಂದ ಬಂತು! ಕಂಪ್ಯೂಟರ್ ಹೇಳಿದ ಮೂರು, ಹಾಕಿದವರಿಗೂ ಹಾಕದವರಿಗೂ ಇರುವ ಪ್ರಮಾಣವನ್ನು ಎರಡು ಕಡೆ ಹೋಲಿಸಿದ್ದು. ನಾನು ಅದನ್ನು ತಲೆಗಳ ಎಣಿಕೆ ಮಾಡಿಬಿಟ್ಟಿದ್ದೆ. ಕ್ಲಾಸಿನಲ್ಲಿ ಇದನ್ನೇ ಪಾಠ ಹೇಳುವವಳಿಗೆ ಮೈಕ್ ಕೈಗೆ ಬಂದಾಗ ಬುದ್ಧಿ ಎಲ್ಲಿ ಹೋಗಿತ್ತೋ! ಈ ಮನೆಯ ರೊಟ್ಟಿ, ಪುಂಡಿಪಲ್ಯ ತಿಂದವಳು ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ತಪ್ಪಾತ್ರಿ," ಎಂದೆ ಮೆಲ್ಲಗೆ. "ಹನ್ನೆರಡು ಮಂದ್ಯಾಗ ಒಂಬತ್ತು ಮಂದಿ ಓಟ ಹಾಕೀರಿ."

"ನಾವು ಹಾಕೀವಿ ಅಂತ ನಮಗ ಗೊತ್ತದರಿ. ಅವಗ ಯಾರು ಹೇಳ್ಬೇಕು?"

ನನ್ನ ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಅವರ ಕೈಗೆ ಕೊಟ್ಟು, ಕಾಳಿನ ಗುಡ್ಡೆಗಳ ಮುಂದೆ ಕುಳಿತೆ. ತಪ್ಪು ಹೇಳಿದೆ ಎನ್ನುವ ಎರಡೇ ಮಾತನ್ನು ಕಾಳು ನೋಡುತ್ತ ಗೊಣಗಿದೆ.

"ಜರಾ ಜೋರ್ ಹೇಳ್ರಿ ಮೇಡಂ," ಎಂದರು ರಮಾಬಾಯಿ. "ಭಾಲ್ಕ್ಯಾಗ ಹ್ಯಾಂಗ ಹೇಳಿದ್ರಿ, ಹಂಗ."

ಹೇಳಿದೆ. ಆ ವಿಡಿಯೊವನ್ನು ಮೆಂಬರನಿಗೂ ಭಾಲ್ಕಿಯ ಕಾಲೇಜಿಗೂ ಕಳಿಸಿದೆ.

ಸಂಜೆ ಔರಾದಿನಿಂದ ಬೀದರ್ ಬಸ್ಸು ಹೊರಟಿತು. ಊರು ದಾಟುವಷ್ಟರಲ್ಲಿ ಹಿಂದಿನ ಸೀಟಿನ ಮೊಬೈಲಿನಲ್ಲಿ ನನ್ನ ದನಿ ಕೇಳಿಸಿತು, ಜೊತೆಗೆ ಚಪ್ಪಾಳೆ. ಭಾಲ್ಕಿಯದು. ನೋಡುತ್ತಿದ್ದವನು ಪಕ್ಕದವನಿಗೆ ತೋರಿಸಿ ನಗುತ್ತಿದ್ದ. ಸೆರಗು ಮುಖಕ್ಕೆ ಎಳೆದುಕೊಂಡೆ. ಆಮೇಲೆ ಕಂಬಿ ಹಿಡಿದು ಎದ್ದು, ಹಿಂದಕ್ಕೆ ತಿರುಗಿ ನಿಂತೆ.

"ಅದು ತಪ್ಪದರಿ," ಎಂದೆ, ಇಡೀ ಬಸ್ಸಿಗೆ ಕೇಳುವ ಹಾಗೆ. "ಹೇಳಿದಾಕಿ ನಾನೇ."